ಕುಂಬಳಕಾಯಿ ಗೇಮೂ ಅಜ್ಜಿಯ ಎಡೆಯೂ

"ಆ ಮನೆ ಬಾಗ್ಲು ತಟ್ಬೇಡ ಕಣೇ, ಅಲ್ಲಿ ಕಾಗೆ ರಾಕ್ಷಸ ಅವ್ನೆ" ಎಂದು ರಮ್ಯಾ ಹೇಳಿ ಮುಗಿಸುವಷ್ಟರಲ್ಲಿ ಸಂಘಮಿತ್ರ ಬಟನ್ ಒತ್ತಿಯೇಬಿಟ್ಟಿದ್ದಳು.

ಲ್ಯಾಪ್‌ಟಾಪಿನಲ್ಲಿ ಬಾಗಿಲು ಕಿರ್ರೆಂದು ತೆರೆಯಿತು. ಕಪ್ಪು ಕೋಟು ತೊಟ್ಟ ಕಾಗೆ ರಾಕ್ಷಸ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಈ ಕಡೆ ಸಂಘಮಿತ್ರ ಆಡಿಸುತ್ತಿದ್ದ ಗೇಮಿನ ಪುಟ್ಟ ಹುಡುಗಿ. ತಲೆಗೆ ಅನ್ನದ ಪಾತ್ರೆ ಬೋರಲು ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು ಅವಳೂ ನಿಂತಳು.

"ಪಾತ್ರೆ ವೇಷ ಹಾಕಿದೀಯಲ್ಲ, ಏನೂ ಆಗಲ್ಲ ಬುಡು. ಮೊದ್ಲು ಡಿಫೆನ್ಸ್ ಒತ್ತು" ಎಂದ, ಬೆನ್ನ ಹಿಂದೆ ನಿಂತಿದ್ದ ಅಣ್ಣ ಚೇತನ್‌ಕುಮಾರ್. ಲ್ಯಾಪ್‌ಟಾಪ್ ಅವನದು. ಹುಣಸೂರಿನ ಐಟಿಐನಲ್ಲಿ ಓದುವ ಅವನು ಸೀನಿಯರ್ ಒಬ್ಬನ ಹಳೆಯ ಲ್ಯಾಪ್‌ಟಾಪನ್ನು ಮನೆಗೆ ತಂದಿದ್ದ. ಅದರ ಜೊತೆಯಲ್ಲೇ ಈ ಗೇಮೂ ಬಂದಿತ್ತು.

ಈ ಗೇಮಿನ ಹೊಡೆದಾಟ ಬಲು ಮರ್ಯಾದೆಯದು. ರಾಕ್ಷಸ ಒಂದು ಏಟು ಹೊಡೆದು ಸುಮ್ಮನೆ ಕಾಯುತ್ತಾನೆ. ನೀವು ನಿಧಾನವಾಗಿ ಯೋಚಿಸಿ, ಬೇಕಾದರೆ ಎದ್ದು ಹೋಗಿ ನೀರು ಕುಡಿದು ಬಂದು, ಆಮೇಲೆ ನಿಮ್ಮ ಏಟು ಹೊಡೆಯಬಹುದು. ಅಲ್ಲಿಯವರೆಗೂ ಅವನು ಕಣ್ಣು ಮಿಟುಕಿಸುತ್ತಾ ನಿಂತೇ ಇರುತ್ತಾನೆ.

ಗೇಮಿನ ಕತೆ ಹ್ಯಾಲೋವೀನ್ ಎನ್ನುವ ಬೇರೆ ದೇಶದ ಹಬ್ಬದ್ದು. ಅವತ್ತು ಅಲ್ಲಿನ ಮಕ್ಕಳು ದೆವ್ವ, ಮಾಟಗಾತಿ ಅಂತ ತಮಗೆ ಬೇಕಾದ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಾರೆ. ಮನೆಯವರು ಚೀಲಕ್ಕೆ ಚಾಕೊಲೇಟ್ ಹಾಕುತ್ತಾರೆ. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ. ಗೇಮಿನ ಇಂಗ್ಲಿಷ್ ಹೆಸರು ಉದ್ದವಾಗಿ ನಾಲಿಗೆಗೆ ಸಿಗದಂತೆ ಇತ್ತು. ಹಾಗಾಗಿ ಹನಗೋಡಿನ ಈ ಮನೆಯಲ್ಲಿ ಎಲ್ಲರೂ ಅದನ್ನು ಕುಂಬಳಕಾಯಿ ಗೇಮ್ ಅನ್ನುತ್ತಿದ್ದರು.

"ನಂಗೆ ವೇಷಗಳೇ ಇಷ್ಟ" ಎಂದಳು ರಮ್ಯಾ. ಅವಳು ಪಕ್ಕದ ಮನೆಯವಳು, ಸಂಘಮಿತ್ರಳ ಜೊತೆ ಐದನೇ ಕ್ಲಾಸಿನಲ್ಲಿ ಓದುತ್ತಿದ್ದಳು. "ಹರಿದ ಛತ್ರೀಲಿ ಬಾವಲಿ, ಗೋಣಿಚೀಲದಲ್ಲಿ ಬೆದರುಬೊಂಬೆ. ಎಲ್ಲಾ ಮನೇಲೇ ಮಾಡಿರೋದು, ಅಂಗಡೀದಲ್ಲ. ಸೂಪರಾಗದೆ."

"ವೇಷ ಚೆನ್ನಾಗದೆ, ಫೈಟ್ ಸಪ್ಪೆ" ಎಂದ ಚೇತನ್. "ಯಾವ ರಾಕ್ಷಸ ಬಂದ್ರೂ ಅದೇ ಮೂರು ಏಟು. ಹತ್ತಕ್ಕೆ ಏಳು ಮಾರ್ಕ್ಸ್ ಕೊಡ್ತೀನಿ."

ಬೇರೆ ಬೇರೆ ಊರಿನವರು ಗೇಮ್ ಆಡಿ ಬರೆದಿದ್ದ ಕಾಮೆಂಟುಗಳನ್ನು ಅವನು ಮೊಬೈಲಿನಲ್ಲಿ ಹುಡುಕಿ, ಕನ್ನಡ ಮಾಡಿ ಓದಿ ಹೇಳಿದ. ಒಬ್ಬ, ಆಡುತ್ತಾ ಆಡುತ್ತಾ ಒಂದು ಪ್ಯಾಕೆಟ್ ಚಾಕೊಲೇಟ್ ಖಾಲಿ ಮಾಡಿದೆ ಎಂದು ಬರೆದಿದ್ದ. ಇನ್ನೊಬ್ಬಳು, ಗೇಮ್ ಬೇಗ ಮುಗಿದುಹೋಯಿತು, ಆ ಬೀದಿ ಬಿಟ್ಟು ಬರಲು ಮನಸ್ಸೇ ಬರಲಿಲ್ಲ ಎಂದಿದ್ದಳು. ಮತ್ತೊಬ್ಬರು, ನಮ್ಮ ಆರು ವರ್ಷದ ಮಗಳು ಮರಿ ದೆವ್ವಕ್ಕೋಸ್ಕರ ಅತ್ತಳು ಎಂದು ಬರೆದಿದ್ದರು. ಅದನ್ನು ಕೇಳಿ ರಮ್ಯಾ ಕಿಸಕ್ಕನೆ ನಕ್ಕಳು.

ಸಂಘಮಿತ್ರ ನಗಲಿಲ್ಲ. ಮೂರು ದಿನದಿಂದ ಅವಳಿಗೂ ಅದೇ ಸಂಕಟ.

ಮರಿ ದೆವ್ವ ಅಂದರೆ ಒಂದು ಬಿಳಿ ದುಪ್ಪಟಿ, ಅದಕ್ಕೆ ಎರಡು ಕಣ್ಣಿನ ತೂತು. ಒಂದು ತೂತು ದೊಡ್ಡದು, ಒಂದು ಚಿಕ್ಕದು. ತನ್ನ ಮನೆ ಯಾವುದು ಎಂದು ಮರೆತುಹೋಗಿ ಅದು ಬೀದಿಯಲ್ಲಿ ಅಲೆಯುತ್ತಿತ್ತು. ಒಂದೊಂದು ಬಾಗಿಲ ಮುಂದೆಯೂ ಹೋಗಿ ನಿಲ್ಲುತ್ತಿತ್ತು. ಬಾಗಿಲು ಮುಚ್ಚಿರುತ್ತಿತ್ತು. ದೆವ್ವಕ್ಕೆ ಬಾಗಿಲು ತೆಗೆಯಲು ಬರುವುದಿಲ್ಲ, ತಟ್ಟಿದರೆ ಸದ್ದೂ ಆಗುವುದಿಲ್ಲ. ಸ್ವಲ್ಪ ಹೊತ್ತು ನಿಂತು, ತಲೆ ತಗ್ಗಿಸಿ ವಾಪಸ್ ಬರುತ್ತಿತ್ತು. ಅದನ್ನು ಮನೆ ಸೇರಿಸುವುದು ಹೇಗೆ ಎಂದು ಚೇತನ್‌ಗೆ ಗೊತ್ತಿತ್ತು. ಆದರೆ ಕೇಳಿದರೆ, "ನೀನೇ ಕಂಡುಹಿಡಿ" ಎಂದು ಹಲ್ಲು ಕಿರಿಯುತ್ತಿದ್ದ.

ಕಾಗೆ ರಾಕ್ಷಸ ಸೋತು ಓಡಿಹೋದ. ಸಂಘಮಿತ್ರಳ ಹುಡುಗಿ ಒಳಗೆ ಹೋಗಿ ಚಾಕೊಲೇಟ್ ತೆಗೆದುಕೊಂಡಳು. ಹೊರಗೆ ಬರುವಾಗ ಪ್ರತಿಸಲದಂತೆ ಬಾಗಿಲು ಹಾಕಲು ಬೆರಳು ಹೋಯಿತು. ಯಾಕೋ ಈ ಸಲ ಸಂಘಮಿತ್ರ ಬಟನ್ ಒತ್ತಲಿಲ್ಲ. ಬಾಗಿಲು ಓರೆಯಾಗಿ ಹಾಗೇ ಉಳಿಯಿತು.

ಮರಿ ದೆವ್ವ ಬಂತು. ಸಂದಿಯಲ್ಲಿ ಇಣುಕಿತು. ಹಿಂದೆ ತಿರುಗಿ ನೋಡಿತು. ಆಮೇಲೆ ಮೆಲ್ಲಗೆ ಒಳಗೆ ಹೋಯಿತು. ಕಿಟಕಿಯಲ್ಲಿ ಹಳದಿ ದೀಪ ಹತ್ತಿಕೊಂಡಿತು.

"ಅಷ್ಟೇನಾ? ಬಾಗ್ಲು ಹಾಕ್ದೆ ಬರದು, ಅಷ್ಟೇನಾ ಅಣ್ಣ?"

"ಅಷ್ಟೇ ಕಣೇ" ಎಂದ ಚೇತನ್.

ಸಂಘಮಿತ್ರ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದಳು. ಮನೆಯೆಲ್ಲ ಬೆಳಿಗ್ಗೆಯೇ ಸಾರಿಸಿ ಒರೆಸಿದ್ದರು, ಧೂಳು ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಲಕ್ಷ್ಮಿದೇವಿ ಕೂಗಿದಳು. "ಆಟ ಸಾಕು, ಎದ್ ಬನ್ನಿ. ಬಾಳೆಲೆ ತೊಳ್ಕೊಡಿ. ಹೊತ್ತಾಯ್ತಾ ಅದೆ." ರಮ್ಯಾ ತನ್ನ ಮನೆಗೆ ಹೊರಟಳು.

ಅವತ್ತು ಅವರ ಮನೆಯಲ್ಲಿ ಪಕ್ಷದ ಹಬ್ಬ. ಸತ್ತುಹೋದ ಹಿರಿಯರಿಗೆ ಎಡೆ ಇಡುವ ದಿನ. ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ನಡುಮನೆಯಲ್ಲಿ ಬಾಳೆಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸಬಟ್ಟೆ ಇಟ್ಟು ಧೂಪ ಹಾಕುತ್ತಾರೆ. ಹಿರಿಯರು ಬಂದು ಉಂಡು ಹೋದ ಮೇಲೆಯೇ ಮನೆಯವರ ಊಟ.

ಈ ವರ್ಷದ ಎಡೆ ಅಜ್ಜಿ ಮರಮ್ಮನದು. ಅಜ್ಜಿ ಹೋಗಿ ವರ್ಷ ತುಂಬಿತ್ತು, ಅವಳಿಗೆ ಇಡುವ ಮೊದಲನೆಯ ಎಡೆ ಇದು. ತಾತ ದೊಡ್ಡಮಾದಯ್ಯ ಬೆಳಗಿನ ಜಾವವೇ ಹೊಳೆಯ ಹತ್ತಿರ ನಡೆದು ಹೋಗಿ, ಬಲೆ ಎಳೆಯುವವರ ಪಕ್ಕ ಕೂತು ಕಾದು, ಜಿಲೇಬಿ ಮೀನು ಆರಿಸಿ ತಂದಿದ್ದ. ಹೆಸರು ಜಿಲೇಬಿಯಾದರೂ ಅದರಲ್ಲಿ ಸಿಹಿಯೇನೂ ಇಲ್ಲ. ಖಾರ ಮೆತ್ತಿ ಹುರಿದರೆ ಅಜ್ಜಿಗೆ ಪ್ರಾಣ. ಅಜ್ಜಿ ಹೋದ ಮೇಲೆ ತಾತ ಇಷ್ಟು ಉತ್ಸಾಹದಿಂದ ಓಡಾಡಿದ್ದನ್ನು ಯಾರೂ ನೋಡಿರಲಿಲ್ಲ.

ತಾತನ ತಂಗಿ ಚಿಕ್ಕಸಿದ್ದಮ್ಮ ಹಾರನಹಳ್ಳಿಯಿಂದ ಬಂದಿದ್ದರು. ಮಕ್ಕಳು ಅವರನ್ನು ಹಾರನಹಳ್ಳಿ ಅಜ್ಜಿ ಅನ್ನುತ್ತಿದ್ದರು. ಅವರ ಬಾಯಿ ಸ್ವಲ್ಪ ಜೋರು. ಒಂದು ಕಡೆ ಕೂತೇ ಮನೆಯವರನ್ನೆಲ್ಲ ಓಡಾಡಿಸುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಎಡೆ ಸಿದ್ಧವಾಯಿತು. ಮುದ್ದೆ, ಸಾರು, ಕಜ್ಜಾಯ, ವಡೆ, ಎಲೆಯಡಿಕೆ, ಒಂದು ಲೋಟ ಟೀ. ಎಲೆಯ ನಡುವೆ ಕೆಂಪಗೆ ಹುರಿದ ಮೂರು ಮೀನು. ಪಕ್ಕದಲ್ಲಿ ಹಸಿರು ಸೀರೆ. ಅಪ್ಪ ಮೂರ್ತಿ ಧೂಪ ಹಾಕಿದ. ಎಲ್ಲರೂ ಕೈಮುಗಿದರು. ತಾತ ಮಾತ್ರ ಕೈಮುಗಿದು ಬಹಳ ಹೊತ್ತು ಹಾಗೇ ನಿಂತಿದ್ದ.

"ನಡೀರಿ ಈಚೆಗೆ. ಲಕ್ಷ್ಮಿ, ಇತ್ಲ ಬಾಗ್ಲು ಚಿಲ್ಕ ಹಾಕಿದ್ಯಾ?" ಎಂದರು ಹಾರನಹಳ್ಳಿ ಅಜ್ಜಿ.

"ಹಾಕಿವ್ನಿ ಅತ್ತೆ."

"ಮುಂದ್ಲ ಬಾಗ್ಲೂ ಹಾಕಿ. ಯಾರೂ ಇಣುಕಿ ನೋಡಬಾರ್ದು."

ಸಂಘಮಿತ್ರ ಬಾಗಿಲ ಕಡೆ ತಿರುಗಿ ನೋಡಿದಳು. ಎರಡು ಬಾಗಿಲೂ ಹಾಕಿದರೆ ಅಜ್ಜಿ ಒಳಗೆ ಬರುವುದು ಹೇಗೆ? ಇಷ್ಟು ವರ್ಷವೂ ಹೀಗೇ ಮಾಡುತ್ತಿದ್ದರು. ಆಗೆಲ್ಲ ಬರಬೇಕಾಗಿದ್ದವರು ಅವಳು ಕಂಡೇ ಇರದ ಮುತ್ತಜ್ಜ, ಮುತ್ತಜ್ಜಿ. ಅವರು ಹೇಗೆ ಬರುತ್ತಾರೆ ಎಂದು ಅವಳು ಯೋಚಿಸಿರಲಿಲ್ಲ. ಈ ಸಲ ಬರಬೇಕಾದವಳು ಅವಳ ಸ್ವಂತ ಅಜ್ಜಿ, ದಿನವೂ ಅವಳ ಜಡೆ ಹೆಣೆಯುತ್ತಿದ್ದ ಅಜ್ಜಿ. ಅವಳು ಬಂದು, ಬಾಗಿಲ ಮುಂದೆ ನಿಂತು, ತಲೆ ತಗ್ಗಿಸಿ ವಾಪಸ್ ಹೋಗುವುದು ಕಣ್ಣಿಗೆ ಕಟ್ಟಿತು.

"ಅಣ್ಣ, ಬಾಗ್ಲು ಹಾಕ್ದ್ರೆ ಅಜ್ಜಿ ಎಂಗ್ ಬತ್ತಾಳೆ?" ಎಂದು ಪಿಸುಗುಟ್ಟಿದಳು.

"ಶ್, ಸುಮ್ನಿರು" ಎಂದ ಚೇತನ್.

"ನೀರು ಕುಡ್ದು ಬತ್ತೀನಿ" ಎಂದು ಅವಳು ಅಡುಗೆಮನೆಗೆ ಓಡಿದಳು. ಹಿತ್ತಲ ಬಾಗಿಲ ಚಿಲಕ ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬಾಗಿಲನ್ನು ಒಂದು ಗೇಣು ತೆರೆದು, ಸದ್ದಿಲ್ಲದೆ ಬಂದು ಜಗಲಿಯ ಮೇಲೆ ಕೂತಳು. ಅಪ್ಪ ಮುಂದಿನ ಬಾಗಿಲು ಹಾಕಿದ.

ಎಲ್ಲರೂ ಕಾದರು. ಬೀದಿಯಲ್ಲಿ ಬೈಕೊಂದು ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣ ಸದ್ದು ಕೇಳಿಸಿತು, ಯಾರೋ ಎಲೆ ಸರಿಸಿದ ಹಾಗೆ. ಸಂಘಮಿತ್ರಳಿಗೆ ಮೈಯೆಲ್ಲ ಖುಷಿಯಾಯಿತು. ಅಜ್ಜಿ ಬಂದಳು. ದಾರಿ ಸಿಕ್ಕಿತು ಅವಳಿಗೆ.

ಠಣ್ ಎಂದು ಲೋಟ ಬಿದ್ದು ಉರುಳಿತು.

ತಾತ ಎದ್ದು ನಿಂತ. ಅಪ್ಪ ಬಾಗಿಲು ತೆಗೆದ. ಬೂದು ಬಣ್ಣದ ಬೀದಿ ಬೆಕ್ಕೊಂದು ಬಾಯಲ್ಲಿ ಮೀನು ಕಚ್ಚಿಕೊಂಡು ಅಡುಗೆಮನೆಯ ಕಡೆ ಓಡಿತು. ಎಲೆ ಅಡ್ಡಾದಿಡ್ಡಿ ಎಳೆದಾಡಿ ಹೋಗಿತ್ತು. ಮುದ್ದೆ ಒಂದು ಕಡೆ, ವಡೆ ಒಂದು ಕಡೆ. ಟೀ ಚೆಲ್ಲಿ ಹಸಿರು ಸೀರೆಯ ಅಂಚು ಒದ್ದೆಯಾಗಿತ್ತು. ನೆಲದ ಮೇಲೆ ಮೀನಿನ ಮುಳ್ಳು ಬಿದ್ದಿತ್ತು. ತಾತ ಆ ಮುಳ್ಳನ್ನೇ ನೋಡುತ್ತಾ ನಿಂತ.

"ಎಂಥಾ ಕೆಲ್ಸ ಆಯ್ತಪ್ಪ" ಎಂದು ಹಾರನಹಳ್ಳಿ ಅಜ್ಜಿ ಶುರುಮಾಡಿದರು. "ಒಂದು ಚಿಲ್ಕ ನೆಟ್ಗೆ ಹಾಕಕ್ಕೆ ಆಗ್ನಿಲ್ವಾ ಲಕ್ಷ್ಮಿ ನಿಂಗೆ? ನಮ್ಮತ್ತಿಗೆಗೆ ಮೊದಲ್ನೇ ಎಡೆ. ಅದ ಬೆಕ್ಕಿಗೆ ಇಕ್ಕಿಸ್ಬುಟ್ಟಲ್ಲ."

"ಹಾಕಿದ್ದೆ ಅತ್ತೆ" ಎಂದಳು ಅಮ್ಮ. ಆಮೇಲೆ ಮೆಲ್ಲಗೆ, "ಹಾಕಿದಂಗೇ ನೆಪ್ಪು" ಎಂದಳು. ನಸುಕಿನಿಂದ ಒಲೆಯ ಮುಂದೆ ನಿಂತು ಅವಳ ಮುಖ ಬಾಡಿಹೋಗಿತ್ತು. ತನ್ನ ನೆನಪಿನ ಮೇಲೆ ಅವಳಿಗೇ ಅನುಮಾನ ಬಂದಿತ್ತು. ಕೂತು ನೆಲ ಒರೆಸತೊಡಗಿದಳು.

"ಆಗಿದ್ದಾಯ್ತು ಬುಡತ್ತೆ" ಎಂದ ಅಪ್ಪ.

"ಏನ್ ಬುಡದು? ಹಿರೀಕರು ಬೇಜಾರು ಮಾಡ್ಕೊಂಡು ಹೋಗಿರ್ತಾರೆ."

ಸಂಘಮಿತ್ರ ಬಾಗಿಲ ಮೂಲೆಯಲ್ಲಿ ನಿಂತಿದ್ದಳು. ಅವಳ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಬೆಕ್ಕು ಬಂದು ಸಾಕ್ಷಿ ಹೇಳುವುದಿಲ್ಲ. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮ್ಮ ತಲೆ ಎತ್ತದೆ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಅಮ್ಮ ಚಿಲ್ಕ ಹಾಕಿತ್ತು" ಎಂದಳು ಸಂಘಮಿತ್ರ. ದನಿ ಸಣ್ಣಗೆ ಬಂತು. "ನಾನು ತೆಗ್ದೆ."

ಎಲ್ಲರೂ ಅವಳ ಕಡೆ ತಿರುಗಿದರು.

"ಯಾಕವ್ವ?" ಎಂದ ಅಪ್ಪ.

"ಅಜ್ಜಿ ಒಳಿಕ್ಕೆ ಬರ್ಲಿ ಅಂತ. ಗೇಮಲ್ಲಿ ಮರಿ ದೆವ್ವಕ್ಕೆ ಬಾಗ್ಲು ತೆಗ್ಯಕ್ಕೆ ಬರಲ್ಲ. ನಾವೇ ತೆಗ್ದಿಡಬೇಕು."

"ಮರಮ್ಮನ್ನ ದೆವ್ವ ಅಂತೀಯಾ?" ಎಂದರು ಹಾರನಹಳ್ಳಿ ಅಜ್ಜಿ. "ಹಿರೀಕರ ಯಾರಾರ ದೆವ್ವ ಅಂತಾರಾ?"

ಅಷ್ಟು ಹೊತ್ತು ತಡೆದುಕೊಂಡಿದ್ದ ಸಂಘಮಿತ್ರ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹೇಳಿದ್ದು ಹಾಗಲ್ಲ. ಹೇಗೆ ಎಂದು ಹೇಳಲೂ ಅವಳಿಗೆ ಬರಲಿಲ್ಲ.

ತಾತ ಅವಳ ಹತ್ತಿರ ಬಂದ. ಬೈಯಬಹುದು ಎಂದು ಅವಳು ಕಣ್ಣು ಮುಚ್ಚಿಕೊಂಡಳು. ತಾತ ಅವಳ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡ.

"ಲೋ ಚೇತು, ಅದೇನು ಆಟ ತಕ್ಕೊಂಬಾ, ನೋಡುಮ."

ಚೇತನ್ ಲ್ಯಾಪ್‌ಟಾಪ್ ತಂದು ತಾತನ ತೊಡೆಯ ಮೇಲೆ ಇಟ್ಟ. ಮೊದಲು ಸೇವ್ ಮಾಡಿಟ್ಟಿದ್ದ ಆಟ ತೆಗೆದು, ಮರಿ ದೆವ್ವ ಬೀದಿಯಲ್ಲಿ ಅಲೆಯುವುದನ್ನು ತೋರಿಸಿದ. ತಾತ ಕನ್ನಡಕ ಏರಿಸಿಕೊಂಡು ನೋಡಿದ. ಅದು ಒಂದು ಬಾಗಿಲಿಗೆ ಹೋಯಿತು, ನಿಂತಿತು, ಬಂತು. ಇನ್ನೊಂದು ಬಾಗಿಲಿಗೆ ಹೋಯಿತು, ನಿಂತಿತು, ಬಂತು.

"ಪಾಪ, ಹಾದಿ ತಪ್ಪಿದ ಕೂಸು" ಎಂದ ತಾತ. ಇನ್ನೂ ಸ್ವಲ್ಪ ಹೊತ್ತು ನೋಡಿದ. "ಈ ಆಟ ಕಟ್ಟಿದೋರು ಒಳ್ಳೇ ಜನ ಕಣ್ಲಾ. ದೆವ್ವನೂ ಅಂಜಿಕೆ ಬರಂಗೆ ಮಾಡಿಲ್ಲ, ಅಯ್ಯೋ ಅನ್ನಂಗೆ ಮಾಡವ್ರೆ."

ಸಂಘಮಿತ್ರ ಮೂಗೊರೆಸಿಕೊಂಡಳು. "ಅದ್ಕೆ ಮನೆ ಗೊತ್ತಿಲ್ಲ ತಾತ."

"ಅದ್ಕೆ ಗೊತ್ತಿಲ್ಲ. ನಿಮ್ಮಜ್ಜಿಗೆ ಗೊತ್ತು. ಈ ಗೋಡೆಗೆ ಮಣ್ಣು ಮೆತ್ತಿದೋಳೇ ಅವ್ಳು. ಬಾಗ್ಲು ಹಾಕದು ಅವ್ಳು ಬರಬಾರ್ದು ಅಂತಲ್ಲ ಕೂಸೇ. ಅವ್ಳು ಉಣ್ಣದ್ನ ನಾವು ನೋಡಬಾರ್ದು ಅಂತ."

"ಯಾಕೆ ನೋಡಬಾರ್ದು?"

"ನಿಮ್ಮಜ್ಜಿ ಉಣ್ಣದ್ನ ನೀನು ಯಾವತ್ತಾರ ನೋಡಿದ್ಯಾ?" ಎಂದು ಕೇಳಿದ ತಾತ.

ಸಂಘಮಿತ್ರ ನೆನಪು ಮಾಡಿಕೊಂಡಳು. ಅಜ್ಜಿ ಮುದ್ದೆ ಕಟ್ಟಿದ್ದು ನೆನಪಿತ್ತು. ಮೀನಿನ ಮುಳ್ಳು ಬಿಡಿಸಿ ತನ್ನ ಬಾಯಿಗೆ ಇಟ್ಟಿದ್ದು ನೆನಪಿತ್ತು. ಇನ್ನೊಂಚೂರು ಹಾಕಿಸ್ಕೊ ಎಂದು ಬೆನ್ನು ಸವರಿದ್ದು ನೆನಪಿತ್ತು. ಅಜ್ಜಿ ತಾನು ತಟ್ಟೆಯ ಮುಂದೆ ಕೂತು ಉಂಡದ್ದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

"ಇಲ್ಲ ತಾತ."

"ನಾನೂ ಸರ್ಯಾಗಿ ನೋಡ್ನಿಲ್ಲ. ನಲವತ್ತೆಂಟು ವರ್ಷ ಒಂದೇ ಮನೇಲಿದ್ದೂವೆ. ನಮ್ಗೆಲ್ಲ ಇಕ್ಕಿ, ನಾವೆಲ್ಲ ಎದ್ದಮ್ಯಾಕೆ, ಒಲೆ ಪಕ್ಕ ಗೋಡೆ ಕಡೀಕೆ ತಿರುಗ್ಕಂಡು ಉಣ್ಣೋಳು. ಯಾರಾರ ಹೋದ್ರೆ ತಟ್ಟೆ ಸೆರಗಲ್ಲಿ ಮುಚ್ಕಳ್ಳೋಳು. ಮೀನು ಮಾಡಿದ್ ದಿನ ಅವ್ಳ ಪಾಲಿಗೆ ಬಾಲ, ಇಲ್ಲ ತಲೆ. ಅವ್ಳಿಗೆ ಮೀನು ಇಷ್ಟ ಅಂತ ನಂಗೆ ತಿಳಿದಿದ್ದೇ ಎಷ್ಟೋ ವರ್ಷದ ಮ್ಯಾಕೆ." ತಾತ ಕನ್ನಡಕ ತೆಗೆದು ಒರೆಸಿಕೊಂಡ. "ಈಗ ವರ್ಷಕ್ಕೊಂದಿನ ಅವ್ಳು ಮೊದ್ಲು ಉಣ್ಲಿ. ನಾಚ್ಕಳ್ದೆ ಉಣ್ಲಿ. ಹಸ್ಕಂಡು ಈಚೆ ಕೂರೋ ಸರದಿ ನಮ್ದು."

ಒಳಗೆ ಹಾರನಹಳ್ಳಿ ಅಜ್ಜಿ ಸೀರೆಯ ಅಂಚನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜುತ್ತಿದ್ದರು. "ಕಲೆ ಹೋಗ್ತಾ ಇಲ್ಲ ಕಣಣ್ಣ" ಎಂದರು ಮೆತ್ತಗೆ.

"ಬುಡು. ಟೀ ಚೆಲ್ಕಳದು ಅವ್ಳಿಗೇನು ಹೊಸದಲ್ಲ" ಎಂದ ತಾತ. ಅಪ್ಪನಿಗೆ ನಗು ಬಂತು. ಕಣ್ಣು ಒದ್ದೆಯಾಗಿದ್ದರೂ ಅಮ್ಮನೂ ನಕ್ಕಳು.

ಮನೆಯವರಿಗೆಂದು ಎತ್ತಿಟ್ಟಿದ್ದ ಮೀನಿನಲ್ಲಿ ಮೂರು ದೊಡ್ಡವನ್ನು ಅಮ್ಮ ಆರಿಸಿದಳು. ಹೊಸ ಎಲೆ ಹಾಕಿ ಎಡೆಯನ್ನು ಮತ್ತೆ ಮೊದಲಿನಿಂದ ಬಡಿಸಿದರು. ಅಪ್ಪ ಮತ್ತೆ ಧೂಪ ಹಾಕಿದ. ಈ ಸಲ ಹಿತ್ತಲ ಬಾಗಿಲ ಚಿಲಕವನ್ನು ಸಂಘಮಿತ್ರಳೇ ಹಾಕಿದಳು. ಗಟ್ಟಿಯಾಗಿ ಕೂತಿದೆಯಾ ಎಂದು ಎರಡು ಸಲ ಎಳೆದು ನೋಡಿದಳು.

ಜಗಲಿಯ ಮೇಲೆ ಎಲ್ಲರೂ ಕೂತರು. ಹೊಟ್ಟೆ ತಾಳ ಹಾಕುತ್ತಿತ್ತು. ಒಳಗಿನಿಂದ ಏನೂ ಸದ್ದು ಬರಲಿಲ್ಲ. ಸಂಘಮಿತ್ರ ಕಿವಿಗೊಟ್ಟು ಕೇಳಲೂ ಹೋಗಲಿಲ್ಲ. ಅಜ್ಜಿ ನಿಧಾನವಾಗಿ ಉಣ್ಣಲಿ ಎಂದುಕೊಂಡು, ಬೆರಳುಗಳನ್ನು ಹೆಣೆದುಕೊಂಡು ಕಾದಳು. ಸಾಕಷ್ಟು ಹೊತ್ತಾದ ಮೇಲೆ ತಾತ ಕೆಮ್ಮಿ, ಬಾಗಿಲನ್ನು ಮೂರು ಸಲ ತಟ್ಟಿ, ತೆಗೆದ.

ಆಮೇಲೆ ಮನೆಯವರ ಊಟ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದರು. ತಾತ, ಹಾರನಹಳ್ಳಿ ಅಜ್ಜಿ, ಅಪ್ಪ, ಚೇತನ್, ಕೊನೆಗೆ ಸಂಘಮಿತ್ರ. ಅಮ್ಮ ಬಡಿಸುತ್ತಾ ಬಂದಳು. ಮೀನು ಕಡಿಮೆಯಾಗಿತ್ತು. ಎಲ್ಲರ ಎಲೆಗೂ ಒಂದೊಂದು ತುಂಡು ಬಿತ್ತು. ಪಾತ್ರೆಯ ತಳದಲ್ಲಿ ಒಂದು ಬಾಲ ಉಳಿಯಿತು. ಅಮ್ಮ ಅದಕ್ಕೆ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು.

ಸಂಘಮಿತ್ರ ಎಲೆಗಳನ್ನು ಎಣಿಸಿದಳು. ಐದು. ಮನೆಯಲ್ಲಿ ಇದ್ದವರು ಆರು ಜನ. ಇಷ್ಟು ದಿನ ಅವಳು ಎಣಿಸಿಯೇ ಇರಲಿಲ್ಲ.

ಅವಳು ಎದ್ದು ಹೋಗಿ ಇನ್ನೊಂದು ಎಲೆ ತಂದು ತನ್ನ ಪಕ್ಕದಲ್ಲಿ ಹಾಸಿದಳು. ತನ್ನ ಮೀನಿನ ತುಂಡನ್ನು ಎತ್ತಿ ಅದರ ಮೇಲೆ ಇಟ್ಟಳು.

"ಅಮ್ಮ, ಬಾ ಕೂತ್ಕ."

"ನೀವೆಲ್ಲ ಉಣ್ಣಿ ಮಗ. ನಂದು ಆಮೇಲಾಯ್ತದೆ."

"ನೀನು ಉಣ್ಣೋಗಂಟ ನಾನು ಕಾಯ್ತೀನಿ."

ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ತಾತ ಎತ್ತಿದ್ದ ತುತ್ತನ್ನು ಎಲೆಯ ಮೇಲೆ ಇಳಿಸಿದ. ಚೇತನ್ ತಿನ್ನುವುದನ್ನು ನಿಲ್ಲಿಸಿದ. ಅಪ್ಪ ಎದ್ದು ಬಂದು ಅಮ್ಮನ ಕೈಯಿಂದ ಸೌಟು ತೆಗೆದುಕೊಂಡ. "ಕೂತ್ಕ ಲಕ್ಷ್ಮಿ. ಇವತ್ತು ನಾನು ಇಕ್ತೀನಿ" ಎಂದ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಬಂದು ಎಲೆಯ ಮುಂದೆ ಕೂತಳು. ಅಪ್ಪ ಬಡಿಸಿದ ಸಾರು ಎಲೆ ದಾಟಿ ಹರಿಯಿತು.

ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಅಮ್ಮನಿಗೆ ಗೊತ್ತಾಯಿತು. ಅವಳ ಮುಖ ಕೆಂಪಾಯಿತು, ಕೈ ತಡೆಯಿತು.

ಸಂಘಮಿತ್ರ ಮೆಲ್ಲಗೆ ಮುಖವನ್ನು ಬೀದಿಯ ಕಡೆ ತಿರುಗಿಸಿ ಕೂತಳು. ಪಕ್ಕದಲ್ಲಿ ಅಮ್ಮ ಮೊದಲ ತುತ್ತು ಮುರಿದಾಗ ಬಳೆಯ ಸದ್ದು ಅವಳಿಗೆ ಕೇಳಿಸಿತು.